ಟ್ರೆಕ್ಕಿಂಗ್ ಹುಚ್ಚಿನ ಮೈದುನನಿಗೆ 1500 ರೂಪಾಯಿ ಒಳಗೆ ಏನು ಕೊಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಮೈದುನ ಶನಿವಾರ ಬಂತೆಂದರೆ ಬ್ಯಾಗ್ ಹೆಗಲಿಗೇರಿಸಿ ಯಾವುದೋ ಬೆಟ್ಟಕ್ಕೆ ಹೊರಡುತ್ತಾನೆ, ಮುಂದಿನ ತಿಂಗಳು ಅವನ ಹುಟ್ಟುಹಬ್ಬ, ಸಾವಿರದೈನೂರರ ಒಳಗೆ ಉಪಯೋಗಕ್ಕೆ ಬರುವಂಥದ್ದು ಏನಾದರೂ ಕೊಡಬೇಕು, ಆದರೆ ನಿಮಗೆ ಬೆಟ್ಟದ ಗಂಧಗಾಳಿ ಇಲ್ಲ ಅಂತ ಬರೆದಿದ್ದೀರಿ. ನಗು ಯಾಕೆ ಬಂತೆಂದರೆ ಆ ಮೈದುನನ ಜಾಗದಲ್ಲಿ ಹದಿನೈದು ವರ್ಷದಿಂದ ನಾನಿದ್ದೇನೆ. ಜನ ಪ್ರೀತಿಯಿಂದ ಕೊಟ್ಟ ಸಾಮಾನು ನಮ್ಮ ಮನೆಯಲ್ಲಿ ಒಂದು ಡ್ರಾಯರ್ ತುಂಬ ಇದೆ. ದಿಕ್ಸೂಚಿ ಇರುವ ಕೀಚೈನ್ ಮೂರು. ಹನ್ನೊಂದು ಕೆಲಸ ಮಾಡುತ್ತದೆ ಅನ್ನುವ ಚಾಕು ಎರಡು, ಎರಡರಲ್ಲೂ ಒಂದು ಟೊಮೆಟೊ ಹೆಚ್ಚಲು ಆಗುವುದಿಲ್ಲ. ಬೆಟ್ಟದ ಚಿತ್ರ ಇರುವ ಕಾಫಿ ಮಗ್ಗಿಗೆ ಲೆಕ್ಕವಿಲ್ಲ. ಇವುಗಳಲ್ಲಿ ಒಂದೂ ಇದುವರೆಗೆ ಬೆಟ್ಟ ಹತ್ತಿಲ್ಲ.

ಹತ್ತಿದ್ದು ಯಾವುದು ಗೊತ್ತಾ? ನಮ್ಮ ಅತ್ತಿಗೆ ಕೊಟ್ಟ ಎರಡು ಜೊತೆ ಕಾಲುಚೀಲ. ಕೊಡುವಾಗ ಅವರಿಗೇ ಮುಜುಗರ. 'ಏನೋ ಗೊತ್ತಾಗಲಿಲ್ಲ ಕಣೋ, ಅಂಗಡಿಯವನು ಹೇಳಿದ, ತಂದೆ' ಅಂದರು. ಆ ಕಾಲುಚೀಲ ಹಾಕಿಕೊಂಡು ಕುದುರೆಮುಖ, ಕೊಡಚಾದ್ರಿ, ತಡಿಯಂಡಮೋಳ್ ಎಲ್ಲ ಮುಗಿಸಿದೆ. ಹಿಮ್ಮಡಿ ತೂತಾಗುವವರೆಗೂ ಬಿಡಲಿಲ್ಲ.

ನಮ್ಮಂಥವರ ಒಂದು ಗುಟ್ಟು ಹೇಳುತ್ತೇನೆ. ದೊಡ್ಡ ಸಾಮಾನೆಲ್ಲ ನಾವೇ ಕೊಂಡುಕೊಳ್ಳುತ್ತೇವೆ, ತಿಂಗಳುಗಟ್ಟಲೆ ವಿಡಿಯೋ ನೋಡಿ, ನಾಲ್ಕು ಜನರ ತಲೆ ತಿಂದು. ನಾಲ್ಕು ಸಾವಿರದ ಶೂಗೆ ಕಣ್ಣು ಮುಚ್ಚಿ ದುಡ್ಡು ಕೊಡುವವನು ಮುನ್ನೂರರ ಕಾಲುಚೀಲದ ಮುಂದೆ ನಿಂತು, 'ಆಫೀಸಿಗೆ ಹಾಕೋದು ಇದೆಯಲ್ಲ' ಅಂದುಕೊಂಡು ವಾಪಸ್ ಬರುತ್ತಾನೆ. ಹಾಗಾಗಿ ನೀವು ಹುಡುಕಬೇಕಾದ್ದು ಅವನು ತನಗೆ ತಾನೇ ಕೊಂಡುಕೊಳ್ಳಲು ಜಿಪುಣತನ ಮಾಡುವ ಸಣ್ಣ ಸಾಮಾನನ್ನು. ಬಳಸಿ ಸವೆಯುವಂಥದ್ದು, ಖರ್ಚಾಗಿ ಮುಗಿಯುವಂಥದ್ದು ಆದರೆ ಇನ್ನೂ ಒಳ್ಳೆಯದು. ಅವನ ಹತ್ತಿರ ಆಗಲೇ ಇದ್ದರೂ ನಷ್ಟವಿಲ್ಲ.

ಕಾಲುಚೀಲದಲ್ಲಿ ಅಂಥದ್ದೇನಿದೆ ಅಂತ ಕೇಳಬಹುದು. ಹತ್ತಿಯದು ಬೆವರನ್ನೂ ಹಳ್ಳದ ನೀರನ್ನೂ ಹೀರಿ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆಯಲ್ಲಿ ಚರ್ಮ ಮೆತ್ತಗಾಗುತ್ತದೆ, ಮೆತ್ತಗಾದ ಚರ್ಮವನ್ನು ಶೂ ಉಜ್ಜುತ್ತದೆ, ಆಮೇಲೆ ಬೊಬ್ಬೆ. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿ ಇಳಿಯಲು ಹತ್ತಿರ ಹತ್ತಿರ 25 ಕಿಲೋಮೀಟರ್ ಆಗುತ್ತದೆ. ನನಗೆ ಮೊದಲ ಸಲ ದಾರಿ ಮಧ್ಯೆ ಸಿಗುವ ಭಟ್ಟರ ಮನೆ ತಲುಪುವ ಹೊತ್ತಿಗೇ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಅಲ್ಲಿಂದ ಮೇಲೆ ಶೇಷ ಪರ್ವತದ ಬಿಸಿಲಿಗೆ ಬಿದ್ದ ಮೇಲಂತೂ ನೋಟ ಗೀಟ ಏನೂ ಕಾಣಲಿಲ್ಲ, ಹಿಮ್ಮಡಿ ಒಂದೇ ಕಂಡಿದ್ದು. ಉಣ್ಣೆ ಮಿಶ್ರದ್ದು ಅಥವಾ ಸಿಂಥೆಟಿಕ್ ಆದರೆ ಬೇಗ ಒಣಗುತ್ತದೆ. ಹಿಮ್ಮಡಿ, ಬೆರಳಿನ ಹತ್ತಿರ ದಪ್ಪ ನೇಯ್ಗೆ ಇದೆಯಾ ನೋಡಿ, ಕಣಕಾಲು ಮುಚ್ಚುವಷ್ಟು ಉದ್ದ ಇರಲಿ. ಡೆಕಾಥ್ಲಾನ್‌ನಂಥ ಅಂಗಡಿಯಲ್ಲಿ ಮುನ್ನೂರು ನಾನ್ನೂರಕ್ಕೆ ಒಳ್ಳೆಯದೇ ಸಿಗುತ್ತದೆ. ಅಳತೆ ಕೇಳಿದರೆ ಗುಟ್ಟು ಬಯಲಾಗುತ್ತದೆ ಅಲ್ವಾ, ಅದಕ್ಕೆ ಬಾಗಿಲ ಹತ್ತಿರ ಬಿಟ್ಟ ಅವನ ಶೂ ಎತ್ತಿ ಒಳಗೆ ನಾಲಿಗೆಯ ಹಿಂಭಾಗ ನೋಡಿ, ನಂಬರ್ ಇರುತ್ತದೆ. ವಾಸನೆಗೆ ನಾನು ಜವಾಬ್ದಾರನಲ್ಲ.

ಮಳೆಗಾಲದಲ್ಲೂ ಹೋಗುವ ಹುಡುಗನಾ? ಹಾಗಾದರೆ ಲೀಚ್ ಸಾಕ್ಸ್ ಕೊಡಿ, ಇದಕ್ಕಿಂತ ಒಳ್ಳೆಯದು ಆ ದುಡ್ಡಿಗೆ ಇಲ್ಲ. ನಾವು ಮಲೆನಾಡಿನವರು ಇಂಬಳ ಅನ್ನುತ್ತೇವೆ, ಪೇಟೆಯವರು ಜಿಗಣೆ ಅನ್ನುತ್ತಾರೆ, ಅದಕ್ಕೆ ಯಾವ ಹೆಸರಿಟ್ಟರೂ ಬೇಜಾರಿಲ್ಲ, ರಕ್ತ ಸಿಕ್ಕರೆ ಸಾಕು. ಜೂನ್‌ನಿಂದ ಅಕ್ಟೋಬರ್ ತನಕ ಘಟ್ಟದ ಎಲೆರಾಶಿಯಲ್ಲಿ ತಲೆ ಎತ್ತಿ ಕಾಯುತ್ತಿರುತ್ತದೆ. ಮಾಮೂಲಿ ಕಾಲುಚೀಲದ ನೇಯ್ಗೆ ಸಡಿಲ, ಅದರ ಸಂದಿಯಲ್ಲೇ ನುಸುಳುತ್ತದೆ. ಕಚ್ಚಿದಾಗ ಗೊತ್ತೇ ಆಗುವುದಿಲ್ಲ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇದೆ, ಹಾಗಾಗಿ ಬಿದ್ದುಹೋದ ಮೇಲೂ ಗಾಯ ಜಿನುಗುತ್ತಲೇ ಇರುತ್ತದೆ. ಲೀಚ್ ಸಾಕ್ಸ್ ಅಂದರೆ ಒತ್ತು ನೇಯ್ಗೆಯ ಬಟ್ಟೆಯಲ್ಲಿ ಹೊಲಿದ, ಮಂಡಿಯವರೆಗೆ ಬರುವ ಚೀಲ. ಮಾಮೂಲಿ ಕಾಲುಚೀಲದ ಮೇಲೆ ಹಾಕಿ, ಅದರ ಮೇಲೆ ಶೂ, ಮಂಡಿ ಕೆಳಗೆ ದಾರ ಬಿಗಿಯಬೇಕು. ತಿಳಿ ಬಣ್ಣದ್ದು ಆರಿಸಿ, ಇಂಬಳ ಮೇಲೆ ಹತ್ತಿ ಬರುತ್ತಿರುವುದು ಕಣ್ಣಿಗೆ ಬೀಳುತ್ತದೆ. ನಾನು ಕೊಂಡಾಗ ಮುನ್ನೂರೈವತ್ತು ಆಗಿತ್ತು. ಜೊತೆಗೆ ಒಂದು ಹಳೇ ಪಂಚೆ ತುಂಡಿನಲ್ಲಿ ಒಂದು ಹಿಡಿ ಉಪ್ಪು ಗಂಟು ಕಟ್ಟಿಡಿ. ನಮ್ಮ ಕಡೆ ಅದನ್ನು ಕೋಲಿನ ತುದಿಗೆ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಾರೆ, ಇಂಬಳಕ್ಕೆ ಮುಟ್ಟಿಸಿದರೆ ಸಾಕು, ಉದುರುತ್ತದೆ. ಗಂಟು ನೋಡಿ ನಿಮ್ಮ ಮೈದುನ ನಗಬಹುದು. ಮೊದಲ ಮಳೆಯವರೆಗೆ ಮಾತ್ರ.

ಬೆಳಗಿನ ಜಾವ ಹತ್ತುವವನಾದರೆ, ಅಂದರೆ ಸ್ಕಂದಗಿರಿ ಥರದ ಕಡೆ ಸೂರ್ಯೋದಯಕ್ಕೆ ಹೋಗುವವನಾದರೆ, ಹಣೆಗೆ ಕಟ್ಟುವ ಟಾರ್ಚ್, ಅದೇ ಹೆಡ್‌ಲ್ಯಾಂಪ್. ಎಲ್ಲರೂ ಮೊಬೈಲ್ ಬೆಳಕು ಸಾಕು ಅಂತಾರೆ. ಬಂಡೆ ಹಿಡಿದು ಹತ್ತುವ ಕಡೆ ಎರಡೂ ಕೈ ಬೇಕಲ್ಲ, ಆಗ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡವರನ್ನು ನಾನೇ ನೋಡಿದ್ದೇನೆ. ಐನೂರು ಆರುನೂರಕ್ಕೆ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ. ಡಬ್ಬದ ಮೇಲೆ ಬೆಳಕಿನ ಅಳತೆ ಸಾವಿರಾರು ಲ್ಯೂಮೆನ್ ಅಂತ ಬರೆದಿದ್ದರೆ ಮರುಳಾಗಬೇಡಿ, ಕಾಲುದಾರಿ ಕಾಣಲು 150, 200 ಇದ್ದರೆ ಧಾರಾಳ. ಹಗುರ ಇರಲಿ, ಬೆಳಕು ಕೆಳಗೆ ಬಾಗುವಂತಿರಲಿ, ಇಲ್ಲದಿದ್ದರೆ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಬಟನ್ ಸ್ವಲ್ಪ ಗಟ್ಟಿ ಇದ್ದರೆ ಒಳ್ಳೆಯದು. ನನ್ನದು ಒಂದು ಸಲ ಬಸ್ಸಿನಲ್ಲಿ ಬ್ಯಾಗಿನೊಳಗೆ ತಾನೇ ಹೊತ್ತಿಕೊಂಡು, ರಾತ್ರಿಯಿಡೀ ನನ್ನ ಒಳಬನಿಯನಿಗೆ ಬೆಳಕು ಕೊಟ್ಟು, ಬೆಟ್ಟದ ಬುಡದಲ್ಲಿ ಕಣ್ಣು ಮುಚ್ಚಿತ್ತು. ಅಂದಿನಿಂದ ಪ್ರಯಾಣದಲ್ಲಿ ಒಂದು ಸೆಲ್ ಉಲ್ಟಾ ಹಾಕಿಡುತ್ತೇನೆ.

ದುಡ್ಡೇ ಖರ್ಚಾಗದ ಒಂದು ಉಡುಗೊರೆ ಇದೆ, ನನಗೆ ತುಂಬ ಇಷ್ಟವಾದದ್ದು. ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮ ಕಡ್ಡಿ ಮುರಿದ ಕೊಡೆಯ ಬಟ್ಟೆ ಬಿಚ್ಚಿ ದಾರ ಎಳೆಯುವ ಚೀಲ ಹೊಲಿದು ಕೊಟ್ಟರು, ದೊಡ್ಡದು ಒಂದು, ಸಣ್ಣದು ಎರಡು. ಅಂಗೈಯಲ್ಲಿ ಮುದುಡಿದರೆ ಕರ್ಚೀಫಿನಷ್ಟು. ಇಳಿದು ಬಂದ ಮೇಲೆ ಕೆಸರು ಶೂ, ಒದ್ದೆ ಬಟ್ಟೆ ಅದಕ್ಕೆ ತುರುಕಿ ಬಸ್ ಹತ್ತಿದರೆ ಪಕ್ಕದ ಸೀಟಿನವರು ಬಯ್ಯುವುದಿಲ್ಲ. ಹೊಲಿಗೆ ಸಂದಿಯಲ್ಲಿ ನೀರು ಒಸರುತ್ತದೆ, ಅದು ನಿಜ, ಜೋರು ಮಳೆಯಲ್ಲಿ ಮೊಬೈಲ್ ಇಡುವ ಚೀಲ ಅಲ್ಲ ಅದು. ಅದಕ್ಕೆ ಬಾಯಿ ಸುರುಳಿ ಸುತ್ತುವ ಡ್ರೈ ಬ್ಯಾಗ್ ಬೇಕು. ನಿಮಗೆ ಹೊಲಿಗೆ ಬರದಿದ್ದರೆ ಬೀದಿಯ ಟೈಲರ್‌ಗೆ ಕೊಡಿ, ಚಹಾ ದುಡ್ಡಿಗೆ ಹೊಲಿದು ಕೊಡುತ್ತಾನೆ.

ತಿಂಡಿ ಕಟ್ಟಿ ಕೊಡುವುದನ್ನೂ ಉಡುಗೊರೆ ಅಂತಲೇ ಲೆಕ್ಕ ಹಾಕಿ. ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ, ಹಾಗಾಗಿ ಒಲೆ ಬೇಡದ ತಿಂಡಿಗೇ ಬೆಲೆ. ದಪ್ಪ ಅವಲಕ್ಕಿಯನ್ನು ರವೆ ಥರ ಪುಡಿ ಮಾಡಿ, ಅದಕ್ಕೆ ಸಾರಿನ ಪುಡಿ, ಬೆಲ್ಲದ ಪುಡಿ, ಹುಳಿಗೆ ಆಮ್‌ಚೂರ್, ಒಣಕೊಬ್ಬರಿ, ಉಪ್ಪು, ಮೇಲೆ ಕಡಲೆಬೀಜ ಹಾಕಿದ ಒಗ್ಗರಣೆ. ಆರಿದ ಮೇಲೆ ಡಬ್ಬಿಗೆ ತುಂಬಿ. ಮೇಲೆ ಹತ್ತಿ ಕೂತು ಡಬ್ಬಿಗೇ ನೀರು ಚಿಮುಕಿಸಿ ಕಲಸಿ ಅರ್ಧ ಗಂಟೆ ಬಿಟ್ಟರೆ ಗೊಜ್ಜವಲಕ್ಕಿ. ಅಂಟಿನ ಉಂಡೆ, ಶೇಂಗಾ ಚಿಕ್ಕಿ ಸೇರಿಸಿದರೆ ಬೋನಸ್.

ಮೆಡಿಕಲ್ ಶಾಪಿಗೆ ಹೋಗಿ ಇನ್ನೂರು ರೂಪಾಯಿಗೆ ಒಂದು ಸೋಪು ಡಬ್ಬಿ ತುಂಬಿಸಬಹುದು. ಓಆರ್‌ಎಸ್ ಪುಡಿ ನಾಲ್ಕು, ಒಂದು ಕ್ರೇಪ್ ಬ್ಯಾಂಡೇಜ್, ಕಾಗದದ ಟೇಪ್, ಸೇಫ್ಟಿ ಪಿನ್. ಟೇಪ್ ಮುಖ್ಯ, ಹಿಮ್ಮಡಿ ಚುರುಗುಟ್ಟಲು ಶುರುವಾದ ಕೂಡಲೇ ಅಂಟಿಸಿದರೆ ಬೊಬ್ಬೆ ಏಳುವುದಿಲ್ಲ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ, ಅರ್ಧ ಲೀಟರಿಗೆ ಕಲಸಿ ಕುಡಿಯುವವರು ಇದ್ದಾರೆ, ಹಾಗೆ ಮಾಡಬಾರದು. ಆ ಕಾರಣಕ್ಕೇ ಸರಿಯಾಗಿ ಒಂದು ಲೀಟರ್ ಹಿಡಿಯುವ ಸ್ಟೀಲ್ ಬಾಟಲಿ ಕೂಡ ಒಳ್ಳೆ ಆಯ್ಕೆ. ಒಂದೇ ಪದರದ್ದು ತನ್ನಿ, ಬಿಸಿ ತಣ್ಣಗೆ ಕಾಯುವ ಫ್ಲಾಸ್ಕ್ ಥರದ್ದು ಸುಮ್ನೆ ಭಾರ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಈಗ ಬ್ಯಾಗ್ ತೆಗೆಸಿ ಪ್ಲಾಸ್ಟಿಕ್ ಹುಡುಕುತ್ತಾರೆ, ಸ್ಟೀಲ್ ಇದ್ದರೆ ತಕರಾರಿಲ್ಲ.

ಇನ್ನು ಕೊಡಬಾರದ್ದು. ಶೂ ಬೇಡ, ಕಾಲಿಟ್ಟು ನಡೆದು ನೋಡದೆ ಯಾರೂ ಶೂ ಕೊಳ್ಳಬಾರದು. ದೊಡ್ಡ ಬ್ಯಾಗೂ ಹಾಗೇ, ಬೆನ್ನಿನ ಉದ್ದಕ್ಕೆ ಕೂರಬೇಕು. ಟೆಂಟ್, ಗ್ಯಾಸ್ ಒಲೆ ಚಿತ್ರದಲ್ಲಿ ಚೆಂದ, ಆದರೆ ನಮ್ಮ ಘಟ್ಟದ ಟ್ರೆಕ್‌ಗಳಲ್ಲಿ ಬಹಳಷ್ಟು ಕಡೆ ರಾತ್ರಿ ತಂಗಲು ಬಿಡುವುದೇ ಇಲ್ಲ. ಆಮೇಲೆ ಅಗ್ಗದ ಬೈನಾಕ್ಯುಲರ್. ಬೈನಾಕ್ಯುಲರ್ ಮೇಲೆ 8x42 ಅಂತ ಇದ್ದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅರ್ಥ. ಹಕ್ಕಿ ನೋಡುವವರು ಇಟ್ಟುಕೊಳ್ಳುವುದು ಅದನ್ನು, ಅದು ನಿಮ್ಮ ಬಜೆಟ್ಟಿಗೆ ಬರುವುದಿಲ್ಲ. ಸಾವಿರ ರೂಪಾಯಿಗೆ 20, 30 ಪಟ್ಟು ಅಂತ ಮಾರುವುದರಲ್ಲಿ ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಹಕ್ಕಿ ಬದಲು ಭೂಕಂಪ ಕಾಣುತ್ತದೆ. ಅವನಿಗೆ ಹಕ್ಕಿ ಇಷ್ಟವಿದ್ದರೆ ಮರ್ಲಿನ್ ಅಂತ ಆ್ಯಪ್ ಇದೆ, ಕೂಗು ಕೇಳಿಸಿಕೊಂಡು ಯಾವ ಹಕ್ಕಿ ಅಂತ ಹೇಳುತ್ತದೆ, ಪುಕ್ಕಟೆ.

ಟ್ರೆಕ್ ಟಿಕೆಟ್ ಕೊಡಿಸಲಾ ಅಂತಲೂ ಕೇಳಿದ್ದೀರಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆ ಥರ ಜನ ಸೇರಿ ಗಲಾಟೆಯಾದ ಮೇಲೆ ಆನ್‌ಲೈನ್ ಬುಕಿಂಗ್ ಬಿಗಿ ಮಾಡಿದರು, ಈಗ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ಹೆಸರು, ಗುರುತಿನ ಚೀಟಿ, ದಿನಾಂಕ ಎಲ್ಲ ಕೊಟ್ಟೇ ಬುಕ್ ಮಾಡಬೇಕು. ಗುಟ್ಟಾಗಿ ಮಾಡಲು ಹೋದರೆ ಅವನಿಗೆ ಆ ದಿನ ರಜೆ ಇರುವುದಿಲ್ಲ. ದುಡ್ಡು ಲಕೋಟೆಯಲ್ಲಿ ಹಾಕಿ ಕೊಟ್ಟುಬಿಡಿ, ಅವನೇ ಮಾಡಿಕೊಳ್ಳಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ಜೊತೆ ಕಾಲುಚೀಲಕ್ಕೆ ಏಳುನೂರು, ಲೀಚ್ ಸಾಕ್ಸಿಗೆ ಮುನ್ನೂರೈವತ್ತು, ಮೆಡಿಕಲ್ ಡಬ್ಬಿಗೆ ಇನ್ನೂರು ಅಂತ ಖರ್ಚು ಮಾಡಿ, ಎಲ್ಲವನ್ನೂ ಕೊಡೆ ಬಟ್ಟೆಯ ಚೀಲದಲ್ಲೇ ಹಾಕಿ ಕೊಡುತ್ತಿದ್ದೆ, ಗಿಫ್ಟ್ ಪೇಪರ್ ಖರ್ಚೂ ಉಳಿಯಿತು. ಮಳೆಗಾಲದಲ್ಲಿ ಮನೆಯಲ್ಲೇ ಇರುವವನಾದರೆ ಲೀಚ್ ಸಾಕ್ಸ್ ಬಿಟ್ಟು ಹೆಡ್‌ಲ್ಯಾಂಪ್ ಹಾಕಿ, ಆಗಲೂ ಲೆಕ್ಕ ಸಾವಿರದೈನೂರು ದಾಟುವುದಿಲ್ಲ. ಬಿಲ್ ಮಾತ್ರ ಎತ್ತಿಟ್ಟುಕೊಳ್ಳಿ, ಕಾಲುಚೀಲ ಸಣ್ಣದಾದರೆ ಬದಲಾಯಿಸಬಹುದು. ಶೂ ನಂಬರ್ ನೋಡಲು ಹೋಗಿ ಸಿಕ್ಕಿಬಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಕಾರಣ ಹೇಳಿಕೊಡುತ್ತೇನೆ.