ಹಳೇ ಫೋರ್ ವೀಲ್ ಡ್ರೈವೋ, ಹಳೇ ಸೆಡಾನೋ?

ಪ್ರಶ್ನೆ: 15 ವರ್ಷ ಹಳೆಯ ಫೋರ್ ವೀಲ್ ಡ್ರೈವ್ ಎಸ್‌ಯುವಿ, ಅಷ್ಟೇ ಹಳೆಯ ಸೆಡಾನ್ ನೋಡಿದ್ದೇನೆ. ಓಡಾಟ ಜಾಸ್ತಿ ಟಾರು ರಸ್ತೆಯಲ್ಲೇ. ಯಾವುದು ಕೊಳ್ಳಲಿ?

ಉತ್ತರ: ಸೆಡಾನ್ ಕೊಳ್ಳಿ. ನಾನೂ ಹಳೇ ಫೋರ್ ವೀಲ್ ಡ್ರೈವ್ ಸಾಕಿದವನೇ. ಕೆಸರಲ್ಲಿ ಅದು ಆನೆ, ಒಪ್ಪಿದೆ. ಆದರೆ ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಹಿಂದೊಂದು ಮುಂದೊಂದು, ಎಲ್ಲಕ್ಕೂ ಆಯಿಲ್ ಬದಲಿಸಬೇಕು. ಮುಂದಿನ, ಹಿಂದಿನ ಚಕ್ರಗಳೂ ಹಾಗೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ನನ್ನ ಗಾಡಿಗೆ ಇರಲಿಲ್ಲ. ಒಣ ಟಾರಿನ ಮೇಲೆ ಸುಮ್ನೆ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ಗೇರಿನಲ್ಲಿ) ಹಾಕಿ ತಿರುಗಿಸಿದರೆ ಸ್ಟೇರಿಂಗ್ ಬಿಗಿಯುತ್ತಿತ್ತು, ಟೈರು ಕಿರುಗುಟ್ಟುತ್ತಿತ್ತು. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಉರುಳಬೇಕಲ್ವಾ, ಅದಕ್ಕೇ. ಇನ್ನು ಬ್ರೇಕ್ ಹಾಕುವಾಗ ಫೋರ್ ವೀಲ್ ಡ್ರೈವ್‌ನಿಂದ ಏನೂ ಉಪಯೋಗವಿಲ್ಲ.

ಆದರೂ ಮನಸ್ಸು ಎಸ್‌ಯುವಿ ಕಡೆಗೇ ಎಳೆದರೆ, ಅಡಿಗೆ ತೂರಿ ಚಾಸಿಗೆ ತುಕ್ಕು ಹಿಡಿದಿದೆಯಾ ನೋಡಿ. ಮಣ್ಣು ನೆಲದಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನದ ಹೆಚ್ಚು ಎಳೆತದ ಗೇರಿನಲ್ಲಿ) ಹಾಕಿಸಿ. ಆ ಗೇರ್ ಬೀಳಲಿಲ್ಲವೋ, ಬಿಟ್ಟು ಬನ್ನಿ.