ಬರಹಗಾರರಿಗೆ ಸಲಹೆ: ಕಸದ ಚೀಲ ಹಿಡಿದು ನಿಂತ ಆ ಬೆಳಗ್ಗೆ

ಮಾನ್ಯರೇ,

ನಮಸ್ಕಾರ. ನಾಯಿ, ತೋಳಗಳ ಕುಲಕ್ಕೆ ಸೇರಿದ ಉತ್ತರ ಅಮೆರಿಕದ ಕಾಡುಪ್ರಾಣಿ ಕಯೋಟಿಯ ಬಗ್ಗೆ ನೀವು ಕಳಿಸಿದ ‘ಕಯೋಟಿ: ಪ್ರಾಣಿ ಒಂದು, ಸಂಕೇತ ನೂರು’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ನಾಲ್ಕು ಹೊಗಳಿಕೆಯ ಮಾತುಗಳ ಬೆನ್ನಿಗೆ ಈ ವಿಷಯವನ್ನು ಅಡಗಿಸಿಡುವುದು ನಿಮ್ಮ ಶ್ರಮಕ್ಕೆ ಅಗೌರವವಾಗುತ್ತದೆಂದು ಮೊದಲೇ ಹೇಳಿಬಿಡುತ್ತಿದ್ದೇನೆ. ಆದರೆ ಹತ್ತು ಪುಟಗಳ ಆ ಲೇಖನದ ಏಳನೆಯ ಪುಟದಲ್ಲಿ ಒಂದು ಪ್ಯಾರಾ ಇದೆ. ಇಷ್ಟು ದೀರ್ಘವಾಗಿ ಉತ್ತರ ಬರೆಯಲು ಕೂತಿರುವುದು ಅದೊಂದಕ್ಕಾಗಿ.

ಶಿಕಾಗೊದ ಹೊರವಲಯದಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಹೆಪ್ಪುಗಟ್ಟಿದ ಕೊಳದ ದಂಡೆಯಲ್ಲಿ, ಫೆಬ್ರುವರಿಯ ಒಂದು ಬೆಳಗ್ಗೆ ನೀವು ಕಂಡ ಕಯೋಟಿಯ ಚಿತ್ರ ಅದು. ತಲೆಯನ್ನು ಓರೆ ಮಾಡಿ, ಎರಡೂ ಕಿವಿಗಳನ್ನು ನೆಲದ ಕಡೆಗೆ ತಿರುಗಿಸಿ, ಹಿಮದಡಿಯ ಸದ್ದನ್ನು ಅದು ಅಲುಗಾಡದೆ ಆಲಿಸಿತು. ಆಮೇಲೆ ಇದ್ದಕ್ಕಿದ್ದಂತೆ ಬೆನ್ನನ್ನು ಕಮಾನಿನಂತೆ ಬಾಗಿಸಿ ಮೇಲಕ್ಕೆ ನೆಗೆದು, ಮೂತಿಯನ್ನು ಕಣ್ಣಿನವರೆಗೂ ಹಿಮದಲ್ಲಿ ಹೂತು, ಒಂದು ಇಲಿಯನ್ನು ಕಚ್ಚಿಕೊಂಡು ಮೇಲೆದ್ದಿತು. ‘ಕೈಯಲ್ಲಿದ್ದ ಕಸದ ಚೀಲವನ್ನು ಕೆಳಗಿಡುವುದೂ ನನಗೆ ಮರೆತುಹೋಯಿತು’ ಎಂದು ಬರೆದಿದ್ದೀರಿ. ಇಲ್ಲಿ ನೀವು ನಿಮ್ಮ ಕಣ್ಣಿನಿಂದ ನೋಡಿದ್ದೀರಿ. ಉಳಿದ ಪುಟಗಳಲ್ಲಿ ಬೇರೆ ಯಾರ್‍ಯಾರೋ ಹೇಳಿದ್ದನ್ನು ಒಂದು ಕಡೆ ಕೂಡಿಹಾಕಿದ್ದೀರಿ.

ಮೊದಲು ಹೆಸರಿನ ವಿಚಾರ. ಒಂದೇ ಪ್ರಾಣಿಯನ್ನು ನೀವು ಒಂದೆಡೆ ನರಿ, ಇನ್ನೊಂದೆಡೆ ತೋಳ, ಮತ್ತೊಂದೆಡೆ ಕಾಡುನಾಯಿ ಎಂದು ಕರೆದಿದ್ದೀರಿ. ಕನ್ನಡದ ಓದುಗರಿಗೆ ಇವು ಮೂರು ಬೇರೆ ಬೇರೆ ಪ್ರಾಣಿಗಳು. ಕಾಡುನಾಯಿ ಎಂದೊಡನೆ ಅವರ ಕಣ್ಣಮುಂದೆ ಬರುವುದು ನಾಗರಹೊಳೆ, ಬಂಡೀಪುರದ ಕೆನ್ನಾಯಿಗಳ ಹಿಂಡು. ಅಮೆರಿಕಕ್ಕೆ ಬಂದ ಬಿಳಿಯ ಅನ್ವೇಷಕರೂ ಇದೇ ರೀತಿ ತಡವರಿಸಿ ಅದನ್ನು ‘ಹುಲ್ಲುಗಾವಲಿನ ತೋಳ’ ಎಂದಿದ್ದರು. ‘ಬೊಗಳುವ ನಾಯಿ’ ಎಂಬರ್ಥದ ಲ್ಯಾಟಿನ್ ಹೆಸರನ್ನು ಪ್ರಾಣಿವಿಜ್ಞಾನಿ ಥಾಮಸ್ ಸೇ ಕೊಟ್ಟದ್ದು 1823ರಲ್ಲಿ. ಮೆಕ್ಸಿಕೋದ ನಾವಾಟ್ಲ್ ಭಾಷೆಯ ‘ಕೊಯೋಟ್ಲ್’ ಸ್ಪ್ಯಾನಿಷಿನ ಮೂಲಕ ಇಂಗ್ಲಿಷಿಗೆ ಬಂದಿದೆ, ಕನ್ನಡಕ್ಕೂ ಅದು ಕಯೋಟಿಯಾಗಿಯೇ ಬರಲಿ. ಇದು ಬರೀ ಪದದ ಪ್ರಶ್ನೆಯಲ್ಲ. ನರಿ ಎಂದು ಬರೆದ ಮರುಕ್ಷಣವೇ ನಿಮ್ಮ ಲೇಖನ ಪಂಚತಂತ್ರದ ಕರಟಕ-ದಮನಕರ ಕಡೆಗೆ ಹೊರಳಿ, ಅಲ್ಲಿಂದ ಮುಂದೆ ಕಯೋಟಿಗೆ ಕುತಂತ್ರವನ್ನು ಬಿಟ್ಟು ಬೇರೆ ಗುಣವೇ ಇಲ್ಲದಂತಾಗಿದೆ. ಆ ಎರಡು ನರಿಗಳು ರಾಜನ ಆಸ್ಥಾನದ ಸುತ್ತ ಓಡಾಡುವ ನೀತಿಕಥೆಯ ಪಾತ್ರಗಳು. ಕಯೋಟಿಯ ಕಥೆಗಳು ನಡೆಯುವುದು ಲೋಕ ಇನ್ನೂ ರೂಪುಗೊಳ್ಳುತ್ತಿರುವ ಕಾಲದಲ್ಲಿ.

‘ಅಮೆರಿಕದ ರೆಡ್ ಇಂಡಿಯನ್ನರು ಕಯೋಟಿಯನ್ನು ಮೋಸದ ದೇವತೆಯೆಂದು ಪೂಜಿಸುತ್ತಾರೆ’ ಎಂಬ ನಿಮ್ಮ ವಾಕ್ಯವನ್ನು ದಯವಿಟ್ಟು ಪೂರ್ತಿಯಾಗಿ ತೆಗೆದುಹಾಕಿ. ‘ರೆಡ್ ಇಂಡಿಯನ್’ ಎಂಬ ಹೆಸರು ಅಮೆರಿಕದ ಮೂಲನಿವಾಸಿಗಳಿಗೆ ನೋವುಂಟುಮಾಡುವಂಥದ್ದು. ಅವರು ಒಂದೇ ಜನಾಂಗವೂ ಅಲ್ಲ. ಕಯೋಟಿಯ ಬಗ್ಗೆ ಅವರು ಹೇಳುವುದು ಕಥೆ, ಮಾಡುವುದು ಪೂಜೆಯಲ್ಲ. ಐಡಾಹೊ ರಾಜ್ಯದ ಕಾಮಿಯಾ ಎಂಬ ಊರಿನ ಬಳಿ, ಕ್ಲಿಯರ್‌ವಾಟರ್ ನದಿಯ ಪಕ್ಕದಲ್ಲಿ ಒಂದು ದಿಬ್ಬವಿದೆ. ಎಲ್ಲ ಪ್ರಾಣಿಗಳನ್ನೂ ನುಂಗುತ್ತಿದ್ದ ರಾಕ್ಷಸನ ಹೊಟ್ಟೆಯೊಳಗೆ ಕಯೋಟಿ ತಾನಾಗಿ ಹೊಕ್ಕು, ಒಳಗಿನಿಂದ ಅವನ ಹೃದಯವನ್ನು ಕೊಯ್ದು ಕೆಡವಿದಾಗ ಬಿದ್ದ ಹೃದಯವೇ ಆ ದಿಬ್ಬ ಎನ್ನುತ್ತಾರೆ ನೆಜ್ ಪರ್ಸ್ ಜನ; ತಮ್ಮನ್ನು ತಾವು ಅವರು ನಿಮೀಪೂ ಎಂದು ಕರೆದುಕೊಳ್ಳುತ್ತಾರೆ. ರಾಕ್ಷಸನ ದೇಹದ ತುಂಡುಗಳನ್ನು ದಿಕ್ಕುದಿಕ್ಕಿಗೆ ಎಸೆದು ಬೇರೆ ಬೇರೆ ಜನಗಳನ್ನು ಸೃಷ್ಟಿಸಿದ ಮೇಲೆ, ಆ ನೆಲದವರಿಗೆ ಕೊಡಲು ಏನೂ ಉಳಿಯಲಿಲ್ಲವಂತೆ. ಆಗ ಕಯೋಟಿ ತನ್ನ ಕೈಯ ರಕ್ತವನ್ನು ನೀರಿನಲ್ಲಿ ತೊಳೆದು ಚಿಮುಕಿಸಿತು, ಅದರಿಂದ ಹುಟ್ಟಿದವರು ತಾವು ಎಂಬುದು ಅವರ ಮಾತು. ಇಲ್ಲಿ ಮೋಸವೆಲ್ಲಿದೆ? ನವಾಹೊ ಜನರಲ್ಲಿ ಬೇರೆಯೇ ಕಥೆ. ನಕ್ಷತ್ರಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ ಕೆಲಸದ ನಡುವೆ ತಾಳ್ಮೆಗೆಟ್ಟ ಕಯೋಟಿ ಉಳಿದವನ್ನೆಲ್ಲ ಆಕಾಶಕ್ಕೆ ಎರಚಿಬಿಟ್ಟಿತು. ಈ ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳಬೇಕೆಂಬ ಕಟ್ಟುಪಾಡನ್ನು ನವಾಹೊ ಹಿರಿಯರು ಪಾಲಿಸುತ್ತಾರೆ. ಅಂಥ ಕಥೆಯನ್ನು ‘ಒಂದು ಪುರಾಣದ ಪ್ರಕಾರ’ ಎಂದು ಶುರುಮಾಡಿ ಎರಡು ಸಾಲಿನಲ್ಲಿ ಮುಗಿಸುವುದು ಸರಿಯಲ್ಲ.

ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಕಥೆ ಕ್ಯಾಲಿಫೋರ್ನಿಯಾದ ಮೈಡು ಜನರದ್ದು, ಅದು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಮನುಷ್ಯರಿಗೆ ಸಾವು ಬೇಡವೆಂದು ಸೃಷ್ಟಿಕರ್ತ ಬಯಸಿದಾಗ, ಸಾವು ಇರಲೇಬೇಕೆಂದು ವಾದಿಸಿದ್ದು ಕಯೋಟಿ. ಅದರ ಮಾತೇ ನಡೆಯಿತು. ಆಮೇಲೆ ಬಾಲದಲ್ಲಿ ಗಿಲಕಿಯಿರುವ ವಿಷದ ಹಾವು ಕಚ್ಚಿ ಲೋಕದಲ್ಲಿ ಮೊಟ್ಟಮೊದಲು ಸತ್ತದ್ದು ಕಯೋಟಿಯ ಸ್ವಂತ ಮಗ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಅದು ಎಷ್ಟು ಗೋಳಾಡಿದರೂ ಮಗ ಮರಳಿ ಬರಲಿಲ್ಲ. ‘ಕುತಂತ್ರದ ಸಂಕೇತ’ ಎಂಬ ನಿಮ್ಮ ಎರಡು ಪದಗಳಲ್ಲಿ ಆ ತಂದೆಗೆ ಜಾಗವಿದೆಯೇ, ಯೋಚಿಸಿ.

ಕಥೆಯ ಕಯೋಟಿಯೂ ಕೊಳದ ದಂಡೆಯ ಕಯೋಟಿಯೂ ಒಂದೇ ಎಂದು ನೀವು ನಂಬಿಕೊಂಡಂತೆ ಕಾಣುತ್ತದೆ. ಎಷ್ಟೋ ಕಥೆಗಳಲ್ಲಿ ಅದು ಕಂಡಕಂಡ ಹೆಣ್ಣಿನ ಹಿಂದೆ ಬೀಳುವ ಲಂಪಟ. ಆದರೆ ನಿಮ್ಮೂರಿನ ಸುತ್ತಮುತ್ತಲೇ, ಶಿಕಾಗೊ ಮಹಾನಗರ ವಲಯದಲ್ಲಿ, ಸ್ಟ್ಯಾನ್ಲಿ ಗೆರ್ಟ್ ಎಂಬ ವಿಜ್ಞಾನಿಯ ತಂಡ 2000ದಿಂದ ಕಯೋಟಿಗಳಿಗೆ ರೇಡಿಯೊ ಕಾಲರ್ ತೊಡಿಸಿ ಅಧ್ಯಯನ ಮಾಡುತ್ತಿದೆ. 236 ಕಯೋಟಿಗಳ ಡಿಎನ್‌ಎ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಜೋಡಿ ತಪ್ಪಿ ಹುಟ್ಟಿದ ಒಂದೇ ಒಂದು ಮರಿಯೂ ಸಿಗಲಿಲ್ಲ. ‘ನಗರದ ಕಯೋಟಿ ಕಸದ ತೊಟ್ಟಿಯನ್ನೇ ನಂಬಿ ಬದುಕುತ್ತದೆ’ ಎಂಬ ನಿಮ್ಮ ಮಾತನ್ನೂ ಅದೇ ತಂಡ ಸುಳ್ಳುಮಾಡಿದೆ: ಸಾವಿರಕ್ಕೂ ಹೆಚ್ಚು ಮಲದ ಮಾದರಿಗಳಲ್ಲಿ ಹೆಚ್ಚಾಗಿ ಕಂಡದ್ದು ಇಲಿಯಂಥ ಸಣ್ಣ ದಂಶಕಗಳು, ಹಣ್ಣು, ಜಿಂಕೆ, ಮೊಲ; ಮನುಷ್ಯರ ಆಹಾರ ಸಿಕ್ಕಿದ್ದು ನೂರಕ್ಕೆ ಸುಮಾರು ಎರಡರಲ್ಲಿ. ಹಿಮದೊಳಗಿಂದ ಎದ್ದ ಆ ಇಲಿಯನ್ನು ನೀವೇ ಕಂಡಿದ್ದಿರಲ್ಲ, ಕಸದ ತೊಟ್ಟಿಯ ಮಾತನ್ನು ಹೇಗೆ ನಂಬಿದಿರಿ?

ಲೇಖನದ ದೊಡ್ಡ ಕೊರತೆ ಇನ್ನೊಂದಿದೆ. ಕಯೋಟಿ ‘ತನ್ನ ಬುದ್ಧಿವಂತಿಕೆಯಿಂದ ಅಮೆರಿಕವನ್ನೇ ಗೆದ್ದಿತು’ ಎಂದು ಬರೆದು ಮುಂದೆ ಹೋಗಿದ್ದೀರಿ. ಕುರಿ, ದನಗಳ ಒಡೆಯರ ಒತ್ತಾಯಕ್ಕೆ ಮಣಿದು ಸರ್ಕಾರವೇ ಅದನ್ನು ನಿರ್ನಾಮ ಮಾಡಲು ಹೊರಟಿತ್ತು. 1931ರಲ್ಲಿ ಅದಕ್ಕಾಗಿ ಕಾಯ್ದೆಯೂ ಬಂತು. ಸ್ಟ್ರಿಕ್ನೀನ್ ಎಂಬ ವಿಷ ಬೆರೆಸಿದ ಮಾಂಸದ ತುಂಡುಗಳನ್ನು ಬಯಲಿನುದ್ದಕ್ಕೂ ಹರಡಿದರು. ಸರ್ಕಾರಿ ಜಮೀನಿನಲ್ಲಿ ವಿಷದ ಬಳಕೆಯನ್ನು ಅಧ್ಯಕ್ಷ ನಿಕ್ಸನ್ ನಿಷೇಧಿಸಿದ್ದು 1972ರಲ್ಲಿ, ಮತ್ತು ಇಂದಿಗೂ ಸರ್ಕಾರಿ ಸಿಬ್ಬಂದಿ ವರ್ಷಕ್ಕೆ ಹತ್ತಾರು ಸಾವಿರ ಕಯೋಟಿಗಳನ್ನು ಕೊಲ್ಲುತ್ತಾರೆ. ಅದೇ ವಿಷ, ಅದೇ ಬೋನು ತೋಳಗಳನ್ನು ಬಹುಪಾಲು ರಾಜ್ಯಗಳಿಂದ ಅಳಿಸಿಹಾಕಿದವು. ಕಯೋಟಿಗೆ ಅದರಿಂದ ದಾರಿ ತೆರೆಯಿತು, ಏಕೆಂದರೆ ಅದನ್ನು ಅಟ್ಟಿ ಕೊಲ್ಲುತ್ತಿದ್ದುದು ತೋಳವೇ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ 1995ರಲ್ಲಿ ತೋಳಗಳನ್ನು ಮರಳಿ ತಂದಾಗ ಅಲ್ಲಿನ ಕಯೋಟಿಗಳ ಸಂಖ್ಯೆ ಕುಸಿದದ್ದೂ ಇದೇ ಕಾರಣಕ್ಕೆ. ಒಂದು ಕಾಲಕ್ಕೆ ಪಶ್ಚಿಮದ ಬಯಲುಗಳ ಪ್ರಾಣಿಯಾಗಿದ್ದುದು ಈಗ ಹವಾಯಿ ಒಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ, ದಕ್ಷಿಣಕ್ಕೆ ಪನಾಮದವರೆಗೂ ಇದೆ. 2007ರ ಏಪ್ರಿಲ್‌ನಲ್ಲಿ ಶಿಕಾಗೊ ಪೇಟೆಯ ನಟ್ಟನಡುವಿನ ಸ್ಯಾಂಡ್‌ವಿಚ್ ಅಂಗಡಿಗೆ ಹಾಡಹಗಲಲ್ಲಿ ಒಂದು ಕಯೋಟಿ ನಡೆದುಬಂದು, ತಂಪು ಪಾನೀಯಗಳ ತೆರೆದ ಕೂಲರ್‌ನಲ್ಲಿ ಬಾಟಲಿಗಳ ನಡುವೆ ಸುಮ್ಮನೆ ಮಲಗಿತ್ತು. ಇಷ್ಟೆಲ್ಲದರ ಹಿಂದೆ ಮನುಷ್ಯರ ಕೈ ಇದೆ. ‘ಗೆದ್ದಿತು’ ಎಂಬ ಕ್ರಿಯಾಪದ ಅದನ್ನು ಮುಚ್ಚಿಹಾಕುತ್ತದೆ.

ಮೆಕ್ಸಿಕೋದ ಭಾಗವನ್ನು ಬಿಟ್ಟುಬಿಡಿ. ಸಂಗೀತ-ನೃತ್ಯಗಳ ದೇವತೆ ವೇವೆಕೊಯೋಟ್ಲ್, ‘ಉಪವಾಸದ ಕಯೋಟಿ’ ಎಂಬ ಹೆಸರು ಹೊತ್ತ ಟೆಸ್ಕೊಕೊದ ಕವಿರಾಜ ನೆಸವಲ್ಕೊಯೋಟ್ಲ್, ಜನರನ್ನು ಕದ್ದು ಗಡಿ ದಾಟಿಸುವ ದಲ್ಲಾಳಿಗಳಿಗೂ ಕಯೋಟಿ ಎಂದೇ ಹೆಸರಾದದ್ದು: ಇವೆಲ್ಲ ಇನ್ನೊಂದು ಲೇಖನಕ್ಕೆ ಸಲ್ಲುವ ವಿಷಯಗಳು. ಇಲ್ಲಿ ಮೂರು ಪ್ಯಾರಾಗಳಲ್ಲಿ ಇಕ್ಕಟ್ಟಿಗೆ ಸಿಕ್ಕಿಕೊಂಡಿವೆ.

ಹೊಸ ಕರಡು ಏಳನೆಯ ಪುಟದ ಆ ಪ್ಯಾರಾದಿಂದಲೇ ಶುರುವಾಗಲಿ. ಒಂದು ಜನಾಂಗದ ಒಂದೇ ಕಥೆಯನ್ನು ಆರಿಸಿಕೊಂಡು, ಅದು ಯಾವ ನೆಲದ್ದು, ಯಾವ ಜನರದ್ದು ಎಂಬುದನ್ನು ಹೇಳಿ, ಪೂರ್ತಿಯಾಗಿ ಬರೆಯಿರಿ. ನಾಲ್ಕು ಪುಟ ಸಾಕು. ಇನ್ನೊಂದು ಸಂಗತಿ ನನಗೆ ತಿಳಿಯಬೇಕಾಗಿದೆ. ಕೊಳದ ಆಚೆ ದಡದಲ್ಲಿ ಎರಡನೆಯ ಕಯೋಟಿಯೊಂದು ಕುಳಿತಿತ್ತು ಎಂದು ಅರ್ಧ ವಾಕ್ಯದಲ್ಲಿ ಹೇಳಿ ನೀವು ಸಂಕೇತಗಳ ಕಡೆಗೆ ಹೊರಟುಬಿಟ್ಟಿದ್ದೀರಿ. ಫೆಬ್ರುವರಿ ಅವು ಜೋಡಿಯಾಗಿ ತಿರುಗುವ ಕಾಲ. ಬೇಟೆ ಮುಗಿದ ಮೇಲೆ ಮೊದಲನೆಯದು ಆ ಇಲಿಯನ್ನು ಅಲ್ಲೇ ತಿಂದಿತೇ, ಅಥವಾ ಬಾಯಲ್ಲಿ ಹಿಡಿದುಕೊಂಡು ಆಚೆ ದಡಕ್ಕೆ ನಡೆಯಿತೇ? ನೆನಪಿದ್ದರೆ ಅದನ್ನು ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ