ಹೆಸರಿನ ಸೀಟೋ, ಸಂಬಳದ ಸೀಟೋ?

ಪತ್ರ: ನಾನು ಇಂಗ್ಲಿಷಿನಲ್ಲಿ ಕಥೆ ಬರೆಯುತ್ತೇನೆ. ಅಮೆರಿಕದ ಹತ್ತು ವಿಶ್ವವಿದ್ಯಾಲಯಗಳ ಕ್ರಿಯೇಟಿವ್ ರೈಟಿಂಗ್ ಎಂಎಫ್‌ಎ (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಕೋರ್ಸಿಗೆ ಅರ್ಜಿ ಹಾಕಿದ್ದೆ. ಏಳು ಕಡೆ ಇಲ್ಲ ಎಂದರು. ದೊಡ್ಡ ನಗರದಲ್ಲಿರುವ, ತುಂಬಾ ಹೆಸರು ಮಾಡಿದ ಒಂದು ಕಡೆ ಎರಡು ವರ್ಷದ ಸೀಟು ಸಿಕ್ಕಿದೆ. ಫೀ ವರ್ಷಕ್ಕೆ 60,000 ಡಾಲರ್, ಸ್ಕಾಲರ್‌ಶಿಪ್ 15,000. ಅಷ್ಟೇನೂ ಹೆಸರಿಲ್ಲದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಸೀಟು. ಅಲ್ಲಿ ಫೀ ಪೂರ್ತಿ ಮಾಫಿ, ಪಾಠ ಮಾಡಿದ್ದಕ್ಕೆ ವರ್ಷಕ್ಕೆ 19,000 ಡಾಲರ್. ಎಲ್ಲರಿಗೂ ಫೆಲೋಶಿಪ್ ಕೊಡುವ ಮೂರನೆಯ ಕಡೆ ವೇಟಿಂಗ್ ಲಿಸ್ಟಿನಲ್ಲಿದ್ದೇನೆ. ಮೊದಲನೆಯವರು ಏಪ್ರಿಲ್ 1ರೊಳಗೆ ಡೆಪಾಸಿಟ್ ಕಟ್ಟಿ ಅನ್ನುತ್ತಿದ್ದಾರೆ. ಬ್ಯಾಂಕಿನವರು ಶೇ 10ರ ಬಡ್ಡಿಗೆ ಸಾಲ ಕೊಡುತ್ತಾರೆ. ಪತಿಯೂ ಜೊತೆಗೆ ಬರುತ್ತಾರೆ. ದೊಡ್ಡ ಹೆಸರನ್ನು ಬಿಟ್ಟರೆ ಪೆದ್ದುತನ ಆಗುತ್ತಾ? ದುಡ್ಡು ಕೊಡದೆ ಸೀಟು ಮಾತ್ರ ಕೊಟ್ಟಿದ್ದಾರೆ ಅಂದರೆ ನನ್ನ ಕಥೆ ಅವರಿಗೆ ಅರ್ಧ ಮಾತ್ರ ಹಿಡಿಸಿತು ಅಂತಲಾ?
— ಹೆಸರು ಬೇಡ ಎಂದಿರುವ ಓದುಗರು

ಸಂಪಾದಕರ ಉತ್ತರ:

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಎರಡನೆಯದಕ್ಕೆ ಹೋಗಿ. ಮೂರನೆಯವರು ಕರೆದರೆ ಅಲ್ಲಿಗೆ ಹೋಗಿ. ಸಾಲ ಮಾಡಿ ಮೊದಲನೆಯದಕ್ಕೆ ಮಾತ್ರ ಹೋಗಬೇಡಿ.

ನಿಮ್ಮದೇ ಅಂಕಿಗಳನ್ನು ಕೂಡಿಸೋಣ. ಸ್ಕಾಲರ್‌ಶಿಪ್ ಕಳೆದರೆ ಫೀ ವರ್ಷಕ್ಕೆ 45,000 ಡಾಲರ್, ಎರಡು ವರ್ಷಕ್ಕೆ 90,000. ದೊಡ್ಡ ನಗರದಲ್ಲಿ ಇಬ್ಬರ ಬಾಡಿಗೆ, ಊಟ, ಓಡಾಟಕ್ಕೆ ವರ್ಷಕ್ಕೆ 30,000 ಅಂದುಕೊಳ್ಳಿ. ಅದೂ ಕೈ ಬಿಗಿ ಹಿಡಿದರೆ. ಅಲ್ಲಿಗೆ ಇನ್ನೊಂದು 60,000. ಒಟ್ಟು ಒಂದೂವರೆ ಲಕ್ಷ ಡಾಲರ್. ಶೇ 10 ಅಂದರೆ ವರ್ಷಕ್ಕೆ ಬರೀ ಬಡ್ಡಿಯೇ 15,000. ಎರಡನೆಯ ವಿಶ್ವವಿದ್ಯಾಲಯ ಒಂದಿಡೀ ವರ್ಷ ಪಾಠ ಮಾಡಿಸಿ ನಿಮಗೆ ಕೊಡುವುದು 19,000. ಅಂದರೆ ಒಂದು ಕಡೆ ಸಂಬಳ ಅಂತ ಕೈಗೆ ಬರುವುದರಲ್ಲಿ ಮುಕ್ಕಾಲಿಗಿಂತ ಹೆಚ್ಚು ದುಡ್ಡು, ಇನ್ನೊಂದು ಕಡೆ ಬಡ್ಡಿ ಅಂತ ಕೈಬಿಟ್ಟು ಹೋಗುತ್ತದೆ. ಅಸಲು ಇನ್ನೂ ಹಾಗೇ ಇರುತ್ತದೆ.

ಅಲ್ಲೇ ಕೆಲಸ ಮಾಡಿ ತೀರಿಸಬಹುದು ಎಂದು ನೀವು ಬರೆದಿಲ್ಲ. ಆದರೆ ಆ ಯೋಚನೆ ಇದ್ದೇ ಇರುತ್ತದೆ, ಅಲ್ವಾ? ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ಅದೂ ಕ್ಯಾಂಪಸ್ಸಿನ ಒಳಗೆ. ಹೊರಗೆ ಮಾಡಲು ಬೇರೆ ಅನುಮತಿ ಬೇಕು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ 45,000 ಡಾಲರ್ ಫೀ ಕಟ್ಟಲಾಗುವುದಿಲ್ಲ. ಡಿಗ್ರಿ ಮುಗಿದ ಮೇಲೆ ಕೆಲಸಕ್ಕೆ ಒಪಿಟಿ ಅಂತ 12 ತಿಂಗಳ ಅವಕಾಶ ಸಿಗುತ್ತದೆ. ಎಂಜಿನಿಯರಿಂಗ್, ವಿಜ್ಞಾನ ಓದಿದವರಿಗೆ ಅದರ ಮೇಲೆ ಇನ್ನೂ 24 ತಿಂಗಳು ಸಿಗುತ್ತದೆ, ಕಥೆ ಬರೆಯುವವರಿಗೆ ಇಲ್ಲ. ಇನ್ನು ನಿಮ್ಮ ಪತಿ. ಅವರು ವಿದ್ಯಾರ್ಥಿಯ ಸಂಗಾತಿಗೆ ಕೊಡುವ ಎಫ್-2 ವೀಸಾದಲ್ಲಿ ಬಂದರೆ ಅಲ್ಲಿ ಕೆಲಸ ಮಾಡುವ ಹಾಗೇ ಇಲ್ಲ. ಪತ್ರದಲ್ಲಿ ಈ ಮಾತು ಎಲ್ಲೂ ಬಂದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಇಬ್ಬರ ಸಂಸಾರ, ಒಂದೇ ಸಂಬಳ. ಈ ಮಾತು ಎರಡನೆಯ ಸೀಟಿಗೂ ಅನ್ವಯಿಸುತ್ತದೆ. 19,000 ಒಬ್ಬರಿಗೇ ಬಿಗಿ. ಅವರು ಮೊದಲ ವರ್ಷ ಕೆಲಸ ಬಿಡದೆ ಇಲ್ಲೇ ಉಳಿದರೆ ಹೇಗೆ? ಕೂತು ಮಾತಾಡಿ. ನಾನು ಹೇಳಬೇಕಾದ ವಿಷಯ ಅಲ್ಲ, ಆದರೂ ಹೇಳಿದ್ದೇನೆ.

ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯವೇ ಕೊಡುವ ಐ-20 ಅನ್ನುವ ಕಾಗದ ಕೈಗೆ ಬರುವ ಮೊದಲೇ ಒಂದು ವರ್ಷದ ಪೂರ್ತಿ ಖರ್ಚಿಗೆ ದುಡ್ಡಿದೆ ಎಂದು ತೋರಿಸಬೇಕು. ಎರಡನೆಯ ಕಡೆ ಫೀ ಮಾಫಿ, ಸಂಬಳ ಎರಡನ್ನೂ ಅವರೇ ಆ ಕಾಗದದಲ್ಲಿ ನಮೂದಿಸುತ್ತಾರೆ. ನೀವು ಉಳಿದ ಚೂರುಪಾರು ಮತ್ತು ಪತಿಯ ಖರ್ಚು ತೋರಿಸಿದರೆ ಸಾಕು. ಮೊದಲನೆಯ ಕಡೆ 75,000 ಡಾಲರ್ ನೀವೇ ತೋರಿಸಬೇಕು.

ದುಡ್ಡಿನ ಮಾತು ಇಷ್ಟು ಸಾಕು. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಆ "ಅರ್ಧ ಹಿಡಿಸಿತಾ" ಅನ್ನುವ ಪ್ರಶ್ನೆ ಅನಿಸುತ್ತದೆ.

ಇಲ್ಲ. ಸೀಟು ಕೊಟ್ಟಿದ್ದಾರೆ ಅಂದರೆ ಕಥೆ ಹಿಡಿಸಿದೆ. ದುಡ್ಡು ಕೊಡುವುದು ಬಿಡುವುದು ಆ ಕೋರ್ಸು ಯಾರ ದುಡ್ಡಿನಲ್ಲಿ ನಡೆಯುತ್ತದೆ ಅನ್ನುವುದರ ಮೇಲೆ ನಿಂತಿದೆ. ಕೆಲವು ಕಡೆ ವಿದ್ಯಾರ್ಥಿಗಳು ಕಟ್ಟುವ ಫೀಯಲ್ಲೇ ಎಲ್ಲ ನಡೆಯುತ್ತದೆ. ಅಂಥಲ್ಲಿ ಸೀಟುಗಳೂ ಜಾಸ್ತಿ. ಕೆಲವು ಕಡೆ ಯಾರೋ ಕೊಟ್ಟ ದೊಡ್ಡ ದತ್ತಿ ಇರುತ್ತದೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿರುವ ಮಿಷನರ್ ಸೆಂಟರ್ ಹಾಗೆ ಶುರುವಾಗಿದ್ದು. ಕಾದಂಬರಿಕಾರ ಜೇಮ್ಸ್ ಮಿಷನರ್ ಕೊಟ್ಟ ದುಡ್ಡಿನಿಂದ ನಡೆಯುತ್ತದೆ. ಮೂರು ವರ್ಷ ಫೆಲೋಶಿಪ್ ಕೊಡುತ್ತಾರೆ, ಪಾಠ ಮಾಡಬೇಕಿಲ್ಲ. ವರ್ಷಕ್ಕೆ ಹನ್ನೆರಡು ಜನರ ಆಸುಪಾಸು ಸೇರಿಸಿಕೊಳ್ಳುತ್ತಾರೆ. ಕಾರ್ನೆಲ್‌ನಲ್ಲಿ ಇನ್ನೂ ಕಡಿಮೆ: ನಾಲ್ಕು ಕಥೆಗಾರರು, ನಾಲ್ಕು ಕವಿಗಳು. ನೂರಾರು ಅರ್ಜಿಗಳಲ್ಲಿ ನಾಲ್ಕು ಆರಿಸುವಾಗ ಐದನೆಯದನ್ನು ಬಿಟ್ಟಿದ್ದಕ್ಕೆ ಕಾರಣ ಕೇಳಿದರೆ ಆರಿಸಿದವರಿಗೇ ನೆಟ್ಟಗೆ ಹೇಳಲು ಬರುವುದಿಲ್ಲ. ಆ ವರ್ಷ ಯಾವ ಮೇಷ್ಟ್ರು ರಜೆಯಲ್ಲಿದ್ದರು, ಒಂದೇ ಬಗೆಯ ಕಥೆಗಾರರು ಆಗಲೇ ಇಬ್ಬರು ಬಂದಾಗಿತ್ತಾ, ಇಂಥವೂ ಸೇರಿಕೊಳ್ಳುತ್ತವೆ. ಪತ್ರಿಕೆಗೆ ಕಥೆ ಆರಿಸುವಾಗ ನಾವೂ ಇದನ್ನೇ ಮಾಡುತ್ತೇವೆ. ಹಾಗಾಗಿ ಆ ಏಳು "ಇಲ್ಲ"ಗಳನ್ನು ಬರವಣಿಗೆಗೆ ಸಿಕ್ಕ ಮಾರ್ಕ್ಸ್ ಎಂದು ಓದಬೇಡಿ.

ಹಾಗೆಯೇ, ಎರಡನೆಯವರು ದುಡ್ಡು ಕೊಡುತ್ತಿದ್ದಾರೆ ಅಂತ ಅದನ್ನು ಬಹುಮಾನ ಎಂದೂ ತಿಳಿಯಬೇಡಿ. ಅದು ಸಂಬಳ. ಅಮೆರಿಕದ ದೊಡ್ಡ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷಕ್ಕೆ ಬಂದ ಸಾವಿರಾರು ಹುಡುಗರಿಗೆ ಪ್ರಬಂಧ ಬರೆಯುವ ತರಗತಿ ಕಡ್ಡಾಯ. ಕಾಂಪೊಸಿಷನ್ ಅನ್ನುತ್ತಾರೆ. ಪ್ರತಿ ತರಗತಿಯಲ್ಲಿ ಇಪ್ಪತ್ತು ಚಿಲ್ಲರೆ ಹುಡುಗರು. ಇಷ್ಟೊಂದು ತರಗತಿಗಳಿಗೆ ಕಾಯಂ ಮೇಷ್ಟ್ರುಗಳನ್ನು ಇಟ್ಟರೆ ಖರ್ಚು ಜಾಸ್ತಿ. ಎಂಎಫ್‌ಎ ವಿದ್ಯಾರ್ಥಿಗಳಿಗೆ ಫೀ ಮಾಫಿ ಮಾಡಿ, ಸ್ವಲ್ಪ ಸಂಬಳ ಕೊಟ್ಟರೆ ಆ ಕೆಲಸ ಅಗ್ಗದಲ್ಲಿ ಆಗುತ್ತದೆ. ದತ್ತಿ ಇಲ್ಲದ ಕಡೆಯೂ "ಎಲ್ಲರಿಗೂ ಪೂರ್ತಿ ಫಂಡಿಂಗ್" ಅನ್ನುವುದು ಹೆಚ್ಚಾಗಿ ಹೀಗೇ ಸಾಧ್ಯವಾಗಿರುವುದು. ಇದರಲ್ಲಿ ಅವಮಾನವೇನಿಲ್ಲ. ಕೊಡುವವರು, ಕೊಳ್ಳುವವರು ಇಬ್ಬರಿಗೂ ಲಾಭ ಇದೆ. ನೀವು ಏನನ್ನು ಮಾರುತ್ತಿದ್ದೀರಿ ಅನ್ನುವುದು ಮಾತ್ರ ಗೊತ್ತಿರಬೇಕು. ನೀವು ಮಾರುತ್ತಿರುವುದು ಹೊತ್ತನ್ನು.

ಆದ್ದರಿಂದ ಆಫರ್ ಲೆಟರಿನಲ್ಲಿ 19,000 ಅನ್ನುವ ಅಂಕಿಗಿಂತ ಮುಖ್ಯವಾದದ್ದು ಸೆಮಿಸ್ಟರಿಗೆ ಎಷ್ಟು ತರಗತಿ ಅನ್ನುವುದು. ಸೆಮಿಸ್ಟರಿಗೆ ಒಂದು ಅಂದರೆ ಬರೆಯಲು ಹೊತ್ತು ಉಳಿಯುತ್ತದೆ. ಎರಡು ಅಂದರೆ ನಲವತ್ತು ಚಿಲ್ಲರೆ ಹುಡುಗರು, ಒಬ್ಬೊಬ್ಬರದು ಮೂರು ನಾಲ್ಕು ಪ್ರಬಂಧ, ಪ್ರತಿಯೊಂದನ್ನೂ ತಿದ್ದಬೇಕು. ಜೊತೆಗೆ ನಿಮ್ಮದೇ ವರ್ಕ್‌ಶಾಪ್, ಸಹಪಾಠಿಗಳ ಕಥೆ ಓದಿ ಟಿಪ್ಪಣಿ ಬರೆಯುವುದು. ಸೆಮಿಸ್ಟರಿಗೆ ಎರಡು ತರಗತಿ ಮತ್ತು 22,000 ಕೊಡುವ ಸೀಟಿಗಿಂತ, ಒಂದು ತರಗತಿ ಮತ್ತು 18,000 ಕೊಡುವ ಸೀಟೇ ನನಗೆ ಮೇಲು ಅನಿಸುತ್ತದೆ. ಮೂರು ವರ್ಷದಲ್ಲಿ ಒಂದು ವರ್ಷವಾದರೂ ಪಾಠ ಇಲ್ಲದ ಫೆಲೋಶಿಪ್ ಇದೆಯಾ? ಸಂಬಳ ಮೂರೂ ವರ್ಷಕ್ಕೆ ಖಾತ್ರಿಯಾ, ಅಥವಾ ವರ್ಷ ವರ್ಷ ಹೊಸದಾಗಿ ನಿರ್ಧಾರ ಮಾಡುತ್ತಾರಾ? ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಪಾಠ ಮಾಡಬೇಕಾದರೆ ಮಾತಿನ ಪರೀಕ್ಷೆಯಲ್ಲಿ ಇಷ್ಟು ಅಂಕ ಬೇಕು ಎಂಬ ನಿಯಮವೂ ಬಹಳ ಕಡೆ ಇದೆ. ಟೋಫೆಲ್ ಬರೆದಿದ್ದರೆ ಸ್ಪೀಕಿಂಗ್ ಅಂಕವನ್ನು ಬೇರೆಯಾಗಿ ನೋಡಿಕೊಳ್ಳಿ.

ಸಂಬಳವೂ ಕೈಗೆ ಪೂರ್ತಿ ಬರುವುದಿಲ್ಲ. ಸಾಮಾನ್ಯವಾಗಿ ಅದು ಒಂಬತ್ತು ತಿಂಗಳ ಸಂಬಳ. ಬೇಸಿಗೆಯ ಮೂರು ತಿಂಗಳು ಖಾಲಿ. ಟ್ಯೂಷನ್ ಮಾಫಿ ಅಂದರೂ "ಫೀಸ್" ಅಂತ ಬೇರೆ ಬೇರೆ ಹೆಸರಿನ ಸಣ್ಣ ಬಾಬತ್ತುಗಳು ಉಳಿಯುತ್ತವೆ: ತಂತ್ರಜ್ಞಾನದ್ದು, ಆರೋಗ್ಯ ಕೇಂದ್ರದ್ದು, ವಿದೇಶಿ ವಿದ್ಯಾರ್ಥಿಗಳದ್ದು. ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ ಅನ್ನುವುದು ಇವೆಲ್ಲಕ್ಕಿಂತ ದೊಡ್ಡದು. ಪತಿಯ ವಿಮೆ ಅಂತೂ ಬೇರೆಯೇ. ಆದಾಯ ತೆರಿಗೆ ಇದೆ, ಆದರೆ ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿನವರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ಬೇರೆ ದೇಶಗಳ ಹೆಚ್ಚಿನ ವಿದ್ಯಾರ್ಥಿಗಳಿಗೆ ಈ ಅನುಕೂಲ ಇಲ್ಲ. ಹೋದ ಹೊಸದರಲ್ಲಿ ಬಾಡಿಗೆ ಅಡ್ವಾನ್ಸ್ ಕಟ್ಟಬೇಕು, ಮೊದಲ ಸಂಬಳ ಬರಲು ವಾರಗಳು ಹಿಡಿಯುತ್ತವೆ. ಅಷ್ಟು ದಿನಕ್ಕೆ ಕೈಯಲ್ಲಿ ದುಡ್ಡಿರಲಿ. ಆ ಮಟ್ಟಿನ ಸಣ್ಣ ಸಾಲ ಮಾಡಿದರೆ ನನ್ನ ತಕರಾರಿಲ್ಲ.

ಇದನ್ನೆಲ್ಲ ಆಫೀಸಿನವರನ್ನು ಕೇಳುವುದಕ್ಕಿಂತ ಈಗ ಅಲ್ಲಿ ಓದುತ್ತಿರುವವರನ್ನು ಕೇಳಿ. ಅದರಲ್ಲೂ ಬೇರೆ ದೇಶದಿಂದ ಬಂದವರನ್ನು. ನಿರ್ದೇಶಕರಿಗೆ ಬರೆದರೆ ಇಬ್ಬರು ಮೂವರ ಇಮೇಲ್ ಕೊಡುತ್ತಾರೆ. "ಬೇಸಿಗೆಯಲ್ಲಿ ಏನು ಮಾಡುತ್ತೀರಿ?" ಅಂತ ಕೇಳಿ ಸುಮ್ನೆ ಇರಿ. ಉಳಿದದ್ದು ತಾನಾಗಿ ಬರುತ್ತದೆ.

ಹೆಸರಿನ ವಿಷಯ. ಹೆಸರಿಗೆ ಬೆಲೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹೆಸರಿರುವ ಕಡೆ ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತಾಡುವ ಸಾಹಿತ್ಯ ಏಜೆಂಟರು ಬಂದು ಹೋಗುತ್ತಾರೆ, ದೊಡ್ಡ ಪತ್ರಿಕೆಗಳ ಸಂಪಾದಕರ ಪರಿಚಯ ಆಗುತ್ತದೆ, ಸಹಪಾಠಿಗಳು ಮುಂದೆ ಎಲ್ಲೆಲ್ಲೋ ಇರುತ್ತಾರೆ. ಆದರೆ ಏಜೆಂಟ್ ಕೊನೆಗೆ ಕೇಳುವುದು ಹಸ್ತಪ್ರತಿಯನ್ನು. ಎಂಎಫ್‌ಎ ಈ ಕ್ಷೇತ್ರದ ಕೊನೆಯ ಡಿಗ್ರಿ, ಅದರ ಮೇಲೆ ಕಾಲೇಜಿನಲ್ಲಿ ಪಾಠ ಮಾಡಬಹುದು ಅನ್ನುವುದು ನಿಜ. ಆದರೆ ಕಾಯಂ ಕೆಲಸಕ್ಕೆ ಕರೆಯುವವರು ಮೊದಲು ನೋಡುವುದು ಪುಸ್ತಕ ಬಂದಿದೆಯಾ ಅಂತ, ಆಮೇಲೆ ಪಾಠ ಮಾಡಿದ ಅನುಭವ. ಆ ಎರಡನೆಯದು ನಿಮಗೆ ರಾಜ್ಯ ವಿಶ್ವವಿದ್ಯಾಲಯದಲ್ಲೇ ಸಿಗುತ್ತದೆ. ಪುಸ್ತಕವನ್ನು ನೀವೇ ಬರೆಯಬೇಕು, ಅದಕ್ಕೆ ಎರಡಕ್ಕಿಂತ ಮೂರು ವರ್ಷ ಒಳ್ಳೆಯದು. ಇನ್ನೊಂದು ಮಾತು. ಹೆಸರು ಬೇಕಾದರೆ ದುಡ್ಡು ಕೊಡಲೇಬೇಕು ಅನ್ನುವ ಲೆಕ್ಕವೇ ತಪ್ಪು. ಮಿಷನರ್, ಕಾರ್ನೆಲ್ ಆಗಲೇ ಹೇಳಿದೆ. ಮಿಶಿಗನ್‌ನ ಹೆಲೆನ್ ಝೆಲ್ ಕೋರ್ಸು, 1947ರಲ್ಲಿ ಶುರುವಾದ ಜಾನ್ಸ್ ಹಾಪ್ಕಿನ್ಸ್‌ನ ರೈಟಿಂಗ್ ಸೆಮಿನಾರ್ಸ್, ಇವೆಲ್ಲ ದೊಡ್ಡ ಹೆಸರುಗಳೇ, ಸೇರಿದವರಿಗೆ ದುಡ್ಡನ್ನೂ ಕೊಡುತ್ತವೆ.

ಇಂಗ್ಲೆಂಡಿನ ಒಂದು ವರ್ಷದ ಎಂಎ ಅಗ್ಗ ಎಂದು ನಿಮಗೆ ಯಾರಾದರೂ ಹೇಳಬಹುದು. 1970ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಶುರುಮಾಡಿದ ಮೇಲೆ ಅಲ್ಲಿ ಆ ಬಗೆಯ ಕೋರ್ಸುಗಳು ಬೆಳೆದವು. ಒಟ್ಟು ಖರ್ಚು ಕಡಿಮೆ, ನಿಜ. ಆದರೆ ಹೆಚ್ಚಿನವರು ಫೀ ಕಟ್ಟಿಯೇ ಓದುತ್ತಾರೆ, ಮತ್ತು ಒಂದು ವರ್ಷ ಅನ್ನುವುದು ಊರು ಪರಿಚಯ ಆಗುವಷ್ಟರಲ್ಲಿ ಮುಗಿದಿರುತ್ತದೆ. ಸಂಬಳದ ಸೀಟು ಕೈಯಲ್ಲಿರುವ ನಿಮಗೆ ಅದು ಬೇಡ.

ಈಗ ತಾರೀಖು. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಒಂದು ಠರಾವಿದೆ, ಬಹಳಷ್ಟು ವಿಶ್ವವಿದ್ಯಾಲಯಗಳು ಅದಕ್ಕೆ ಸಹಿ ಹಾಕಿವೆ. ಆರ್ಥಿಕ ನೆರವಿನ ಆಫರಿಗೆ ಏಪ್ರಿಲ್ 15ರ ಮೊದಲು ಉತ್ತರ ಕೊಡಿ ಎಂದು ವಿದ್ಯಾರ್ಥಿಯನ್ನು ಒತ್ತಾಯಿಸಬಾರದು ಅನ್ನುವುದು ಅದರ ತಿರುಳು. ಸಹಿ ಹಾಕಿದವರ ಪಟ್ಟಿ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿದೆ, ನಿಮ್ಮ ಮೂರೂ ಇವೆಯಾ ನೋಡಿ. ದುಡ್ಡಿಲ್ಲದ ಬರೀ ಸೀಟಿಗೆ ಆ ಠರಾವು ಹಿಡಿಯುವುದಿಲ್ಲ. ನಿಮ್ಮ ಮೊದಲನೆಯವರು 15,000 ಕೊಡುತ್ತಿದ್ದಾರಲ್ಲ, ಅದೂ ನೆರವೇ. ಸಹಿ ಹಾಕಿದವರಾಗಿದ್ದರೆ ಏಪ್ರಿಲ್ 1 ಯಾಕೆ ಎಂದು ವಿನಯದಿಂದಲೇ ಕೇಳಬಹುದು. ಅದೇ ಇಮೇಲಿನಲ್ಲಿ ಕೋರ್ಸಿನ ನಿರ್ದೇಶಕರಿಗೆ ಹೀಗೂ ಬರೆಯಿರಿ: ಬರಲು ಇಷ್ಟ ಇದೆ, ಬೇರೆ ಕಡೆ ಪೂರ್ತಿ ಫಂಡಿಂಗ್ ಸಿಕ್ಕಿದೆ, ನೆರವು ಹೆಚ್ಚಿಸುವ ದಾರಿ ಏನಾದರೂ ಇದೆಯಾ. ನಾಲ್ಕು ಸಾಲು ಸಾಕು. ಕೇಳಿದ್ದಕ್ಕೆ ಸೀಟು ಕಿತ್ತುಕೊಳ್ಳುವುದಿಲ್ಲ. ಪೂರ್ತಿ ಫೀ ಮಾಫಿ ಮಾಡಿ, ಬದುಕಲು ಸಂಬಳವನ್ನೂ ಕೊಟ್ಟರೆ ಆಗ ನನ್ನ ಉತ್ತರ ಬದಲಾಗುತ್ತದೆ. ಸ್ಕಾಲರ್‌ಶಿಪ್ಪನ್ನು 25,000ಕ್ಕೆ ಏರಿಸಿದರೆ ಬದಲಾಗುವುದಿಲ್ಲ. ಡೆಪಾಸಿಟ್ ಮಾತ್ರ ಕಟ್ಟಬೇಡಿ, ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಮೂರನೆಯವರಿಗೂ ಈಗಲೇ ಬರೆಯಿರಿ. "ನೀವು ಕರೆದರೆ ಬರುತ್ತೇನೆ" ಎಂದು ನಿಜವಾಗಿ ಅನಿಸಿದರೆ ಹಾಗೇ ಬರೆಯಿರಿ. ವೇಟಿಂಗ್ ಲಿಸ್ಟ್ ಅಲುಗಾಡುವುದು ಏಪ್ರಿಲ್ ಎರಡನೆಯ ವಾರದಲ್ಲಿ, ಎರಡು ಮೂರು ಸೀಟು ಹಿಡಿದು ಕೂತವರು ಒಂದೊಂದೇ ಬಿಟ್ಟಾಗ. ಆ ದಿನಗಳಲ್ಲಿ ಫೋನು ಕೈಗೆ ಸಿಗುವ ಹಾಗಿರಲಿ, ಇಮೇಲಿನ ಸ್ಪ್ಯಾಮ್ ಕೂಡ ನೋಡುತ್ತಿರಿ. ಅವರಿಗಾಗಿ ಎರಡನೆಯ ಸೀಟನ್ನು 15ರ ಆಚೆ ಎಳೆಯಬೇಡಿ. ಮುಂದಿನ ವರ್ಷಕ್ಕೆ ಮುಂದೂಡೋಣ ಅನ್ನುವ ಯೋಚನೆಯೂ ಬೇಡ. ಬಹಳ ಕಡೆ ಒಪ್ಪುವುದಿಲ್ಲ, ಒಪ್ಪಿದರೂ ದುಡ್ಡು ಹಾಗೇ ಕಾದಿರುತ್ತದೆ ಅನ್ನುವ ಖಾತ್ರಿ ಇರುವುದಿಲ್ಲ.

ಪತ್ರದ ಜೊತೆ ಇಟ್ಟ ಕಥೆ ತಲುಪಿದೆ. ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ, ಮೊದಲು ಈ ಮೂರು ಇಮೇಲ್ ಕಳಿಸಿ.